ಮಳೆ ನಿಂತ ಮೇಲೆ ಹೋಗುವ ಕೇಬಲ್: ಜಾಲ ನಡೆಸುವವರಿಗೊಂದು ಬಹಿರಂಗ ಪತ್ರ

ಗೆ,
ಕೇಬಲ್ ಟಿವಿ ಜಾಲಗಳ ಆಡಳಿತ ಮುಖ್ಯಸ್ಥರು, ಹೆಡ್‌ಎಂಡ್ (ಚಾನೆಲ್‌ಗಳನ್ನು ಒಟ್ಟುಗೂಡಿಸಿ ತಂತಿಗೆ ಬಿಡುವ ಕೇಂದ್ರ) ಎಂಜಿನಿಯರುಗಳು ಮತ್ತು ದುರಸ್ತಿ ವಿಭಾಗದವರಿಗೆ

ವಿಷಯ: ಡಿಶ್‌ಗಿಂತ ಹಿಂದೆ ಬಿದ್ದಿರುವ ಕೇಬಲ್ ಸೇವೆ; ತಂತಿಯ ಸ್ಥಿತಿ, ಚಿತ್ರದ ಗುಣಮಟ್ಟ ಮತ್ತು ದೂರು ವಿಲೇವಾರಿ ಕುರಿತು.

ಮಾನ್ಯರೇ,

ಜೋರು ಮಳೆ ಬಂದರೆ ಡಿಶ್ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತು. ಚಂದಾದಾರರನ್ನು ಹಿಡಿದಿಟ್ಟುಕೊಳ್ಳಲು ನಿಮ್ಮವರು ಮೊದಲು ಹೇಳುವುದೂ ಇದನ್ನೇ. ಆದರೆ ಡಿಶ್ ಹೋಗುವುದು ಮಳೆ ರಪರಪನೆ ಹೊಡೆಯುವ ಹತ್ತು ಹದಿನೈದು ನಿಮಿಷ ಮಾತ್ರ. ಮೋಡ ತೆಳುವಾದೊಡನೆ ಯಾರೂ ಕೈ ಹಚ್ಚದೆ ಚಿತ್ರ ತಾನಾಗಿ ಮರಳುತ್ತದೆ. ಕೇಬಲ್ ಹೋಗುವುದು ಮಳೆ ನಿಂತ ಮೇಲೆ. ಒಮ್ಮೆ ಹೋದರೆ ಎರಡು ಮೂರು ದಿನ ತಲೆ ಹಾಕುವುದಿಲ್ಲ. ಬಂದರೂ ಅರ್ಧ ಚಾನೆಲ್‌ಗಳು ಬರುತ್ತವೆ, ಉಳಿದರ್ಧ ಚೌಕಚೌಕವಾಗಿ ಒಡೆದು ನಿಂತಿರುತ್ತವೆ. 35,786 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಇಳಿದು ಬರುವ ಸಿಗ್ನಲ್ ಮಳೆಗೆ ಸೋತರೆ ಅದಕ್ಕೊಂದು ಅರ್ಥವಿದೆ. ಕಂಬದಿಂದ ಮನೆಗೆ ಮೂವತ್ತು ಮೀಟರ್ ದೂರ, ಅದೂ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಬರುವ ಸಿಗ್ನಲ್ ಯಾಕೆ ಸೋಲಬೇಕು? ಈ ಪತ್ರ ಆ ಪ್ರಶ್ನೆಯಿಂದ ಹುಟ್ಟಿದ್ದು.

ಡಿಶ್ ಕಂಪನಿಗಳ ಪರ ವಕಾಲತ್ತು ಹಾಕಲು ನಾವು ಬರೆಯುತ್ತಿಲ್ಲ. ಹಾಗೆ ನೋಡಿದರೆ ಕೇಬಲ್‌ಗೆ ಇರುವ ಅನುಕೂಲದಲ್ಲಿ ಕಾಲುಭಾಗವೂ ಡಿಶ್‌ಗೆ ಇಲ್ಲ. 860 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡುವ ಸಾಧಾರಣ ಜಾಲದಲ್ಲಿ 8 ಮೆಗಾಹರ್ಟ್ಸ್ ಅಗಲದ ಸುಮಾರು ನೂರು ಕ್ಯಾರಿಯರ್‌ಗಳು, ಅಂದರೆ ಚಾನೆಲ್‌ಗಳ ಗುಂಪನ್ನು ಹೊರುವ ಅಲೆಗಳು, ಹಿಡಿಸುತ್ತವೆ. ಅಲೆಯ ಮೇಲೆ ಬಿಟ್‌ಗಳನ್ನು ಕೂರಿಸುವ ವಿಧಾನದ ಹೆಸರು ಕ್ವಾಮ್; 64 ಕ್ವಾಮ್‌ನಲ್ಲಿ ಒಂದು ಕ್ಯಾರಿಯರ್ ಸೆಕೆಂಡಿಗೆ 38 ಮೆಗಾಬಿಟ್ ಹೊರುತ್ತದೆ, 256 ಕ್ವಾಮ್‌ನಲ್ಲಿ 50 ಮೆಗಾಬಿಟ್ ಹೊರುತ್ತದೆ. ಒಟ್ಟು ಸೇರಿಸಿದರೆ 4ರಿಂದ 5 ಗಿಗಾಬಿಟ್. ಛಾವಣಿ ಮೇಲೆ ಜಾಗ ಬೇಡ, ಆಕಾಶಕ್ಕೆ ಅಡ್ಡ ಮರ ಇದೆಯೇ ಎಂದು ನೋಡಬೇಕಿಲ್ಲ, ಎರಡನೇ ಟಿವಿಗೆ ತಂತಿ ಎಳೆಯಲು ಒಂದು ಸ್ಪ್ಲಿಟರ್ ಸಾಕು, ಅದೇ ತಂತಿಯಲ್ಲಿ ಇಂಟರ್ನೆಟ್ಟೂ ಬರುತ್ತದೆ. 1940ರ ದಶಕದ ಕೊನೆಗೆ ಅಮೆರಿಕದ ಪೆನ್ಸಿಲ್ವೇನಿಯಾದಂಥ ಗುಡ್ಡಗಾಡಿನಲ್ಲಿ ಕೇಬಲ್ ಟಿವಿ ಹುಟ್ಟಿದ್ದೇ ಮನೆಯ ಆಂಟೆನಾಕ್ಕೆ ಸಿಗದ ಚಿತ್ರವನ್ನು ಬೆಟ್ಟದ ಮೇಲೆ ಹಿಡಿದು ತಂತಿಯಲ್ಲಿ ಕೆಳಗೆ ತರಲು. ಗಾಳಿಯಲ್ಲಿ ಬರುವುದಕ್ಕಿಂತ ಒಳ್ಳೆಯ ಚಿತ್ರ ಕೊಡುವುದೇ ಈ ಕಸುಬಿನ ಮೂಲ. ಇವತ್ತು ಅದೇ ತಲೆಕೆಳಗಾಗಿದೆ.

ಇನ್ನೂ ಒಂದು ಮಾತು. ನೀವು ಕೊಡುವ ಬಹುಪಾಲು ಚಾನೆಲ್‌ಗಳು ನಿಮ್ಮ ಹೆಡ್‌ಎಂಡ್‌ಗೆ ಬರುವುದೂ ಡಿಶ್ ಮೂಲಕವೇ. ವ್ಯತ್ಯಾಸ ಇಷ್ಟೇ: ಮನೆಯ ಡಿಶ್ 60ರಿಂದ 90 ಸೆಂಟಿಮೀಟರ್, ಹಿಡಿಯುವುದು 11-12 ಗಿಗಾಹರ್ಟ್ಸ್‌ನ ಕೆಯು ಬ್ಯಾಂಡ್, ನಿಮ್ಮಲ್ಲಿ ಮೂರು ನಾಲ್ಕು ಮೀಟರ್ ಅಗಲದ ಡಿಶ್‌ಗಳಿರುತ್ತವೆ, ಅವುಗಳಲ್ಲಿ ಹಲವು ಮಳೆಗೆ ಹೆಚ್ಚೇನೂ ಬಗ್ಗದ 4 ಗಿಗಾಹರ್ಟ್ಸ್‌ನ ಸಿ ಬ್ಯಾಂಡ್ ಹಿಡಿಯುತ್ತವೆ. ಅಂದರೆ ಮಳೆಗಾಲದಲ್ಲೂ ಕದಲದ ಸಿಗ್ನಲ್ ನಿಮ್ಮ ಕೈಗೆ ಬಂದು ಸೇರಿರುತ್ತದೆ. ಅದು ಹಾಳಾಗುವುದೆಲ್ಲ ನಿಮ್ಮ ಕಟ್ಟಡದಿಂದ ನಮ್ಮ ಟಿವಿಯ ನಡುವೆ.

ಎಲ್ಲಿ ಹಾಳಾಗುತ್ತದೆ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಕಂಬದ ಟ್ಯಾಪ್‌ಗೆ (ಮನೆಗಳಿಗೆ ಸಿಗ್ನಲ್ ಕವಲೊಡೆಯುವ ಪೆಟ್ಟಿಗೆಗೆ) ತಿರುಗಿಸಿರುವ ಒಂದು ಎಫ್ ಕನೆಕ್ಟರ್, ಅಂದರೆ ತಂತಿಯ ತುದಿಯ ಜೋಡಣೆ, ಬಿಚ್ಚಿ ಅಂಗೈ ಮೇಲಿಟ್ಟು ನೋಡಿ. ಒಳತಂತಿಯ ತುದಿ ತಾಮ್ರದ ಬಣ್ಣದಲ್ಲಿ ಹೊಳೆಯಬೇಕು. ಅದು ಕಪ್ಪಾಗಿರುತ್ತದೆ, ಇಲ್ಲವೇ ಹಸಿರು ಕಿಲುಬು ಹಿಡಿದಿರುತ್ತದೆ. ಬಿಳಿ ಫೋಮ್ ಕನೆಕ್ಟರ್‌ನ ಒಳತಳಕ್ಕೆ ಸಮವಾಗಿ ಬಂದು ಕೂರುವ ಬದಲು ಎರಡು ಮೂರು ಮಿಲಿಮೀಟರ್ ಹಿಂದೆಯೇ ಉಳಿದಿರುತ್ತದೆ. ಫೋಮಿನ ಸುತ್ತಲಿನ ಅಲ್ಯೂಮಿನಿಯಂ ಹೆಣಿಗೆ ಬೆರಳಿಗೆ ಬಿಳಿ ಪುಡಿಯಾಗಿ ಹತ್ತುತ್ತದೆ. ಕನೆಕ್ಟರನ್ನು ಹಿಡಿದು ಎಳೆದರೆ ಕೈಗೇ ಬಂದುಬಿಡುತ್ತದೆ, ಏಕೆಂದರೆ ಅದು ಒತ್ತಿ ಕೂರಿಸುವ ಬಗೆಯದಲ್ಲ, ಕೈಯಲ್ಲಿ ತಿರುಪಿ ಸಿಕ್ಕಿಸುವ ಬಗೆಯದು.

ಇಂಥ ಜಾಯಿಂಟ್‌ಗೆ ಬಿದ್ದ ನೀರು ಅಲ್ಲಿಗೇ ನಿಲ್ಲುವುದಿಲ್ಲ. ದೀಪದ ಬತ್ತಿಗೆ ಎಣ್ಣೆ ಏರುವಂತೆ ಹೆಣಿಗೆಯ ಎಳೆಗಳ ನಡುವೆ ಮೀಟರುಗಟ್ಟಲೆ ಒಳಗೆ ಹರಿಯುತ್ತದೆ. ಮಳೆ ಸುರಿಯುತ್ತಿರುವಾಗ ತಂತಿಯ ಒಳಗು ಇನ್ನೂ ಒಣಗಿಯೇ ಇರುತ್ತದೆ. ನೀರು ಇಳಿಯುವುದು ನಿಧಾನ, ಆರುವುದು ಅದಕ್ಕಿಂತ ನಿಧಾನ. ಮಳೆ ನಿಂತ ಮೇಲೆ ಕೇಬಲ್ ಹೋಗುವುದರ, ಹೋದದ್ದು ದಿನಗಟ್ಟಲೆ ಬಾರದಿರುವುದರ ಗುಟ್ಟು ಇದು. ಎರಡು ಬಿಸಿಲು ಬಿದ್ದ ಮೇಲೆ ಚಿತ್ರ ಬರುತ್ತದೆ, ದೂರು ಮುಚ್ಚಲಾಗುತ್ತದೆ. ಆದರೆ ಒಳಗೆ ತುಕ್ಕು ಒಂದು ಮೆಟ್ಟಿಲು ಮೇಲೇರಿರುತ್ತದೆ. ಮುಂದಿನ ಮಳೆಗೆ ಇನ್ನೂ ಹತ್ತು ಚಾನೆಲ್ ಕಡಿಮೆ.

ಎಲ್ಲ ಚಾನೆಲ್ ಒಟ್ಟಿಗೆ ಹೋಗದೆ ಒಂದು ಗುಂಪು ಮಾತ್ರ ಯಾಕೆ ಹೋಗುತ್ತದೆ ಎಂದು ದೂರು ಹೇಳಿದವರಿಗೆ ನಿಮ್ಮ ಸಹಾಯವಾಣಿಯಲ್ಲಿ ಸಿಗುವ ಉತ್ತರ: "ಆ ಚಾನೆಲ್‌ನವರ ಕಡೆಯೇ ತೊಂದರೆ." ಇದು ಸುಳ್ಳು. ತಂತಿಯಲ್ಲಿ ಫ್ರೀಕ್ವೆನ್ಸಿ ಏರಿದಂತೆ ನಷ್ಟವೂ ಏರುತ್ತದೆ. ಒಳ್ಳೆಯ ಆರ್‌ಜಿ-6 ತಂತಿ 100 ಮೀಟರಿಗೆ 50 ಮೆಗಾಹರ್ಟ್ಸ್‌ನಲ್ಲಿ 5 ಡೆಸಿಬೆಲ್‌ನಷ್ಟು (ಸಿಗ್ನಲ್ಲಿನ ಏರಿಳಿತದ ಅಳತೆ) ತಿಂದರೆ 860 ಮೆಗಾಹರ್ಟ್ಸ್‌ನಲ್ಲಿ 20 ಡೆಸಿಬೆಲ್ ತಿನ್ನುತ್ತದೆ. ಆರ್‌ಜಿ-59 ಇದ್ದರೆ ಇನ್ನೂ ಹೆಚ್ಚು, ಹಳೆಯ ಮನೆಗಳಲ್ಲಿ ಈಗಲೂ ಅದೇ ಇದೆ. ನೀರು ಸೇರಿದಾಗ ಮೊದಲು ಹೊಡೆತ ಬೀಳುವುದು ಮೇಲಿನ ಫ್ರೀಕ್ವೆನ್ಸಿಗಳಿಗೆ. ಒಂದು ಕ್ಯಾರಿಯರ್‌ನಲ್ಲಿ ಹತ್ತರಿಂದ ಇಪ್ಪತ್ತೈದು ಚಾನೆಲ್ ಕೂತಿರುವುದರಿಂದ ಅದು ಬಿದ್ದರೆ ಅಷ್ಟೂ ಒಟ್ಟಿಗೆ ಮಾಯ. ಹೋದ ಚಾನೆಲ್‌ಗಳ ಪಟ್ಟಿಯನ್ನು ನಿಮ್ಮ ಫ್ರೀಕ್ವೆನ್ಸಿ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ: 600 ಮೆಗಾಹರ್ಟ್ಸ್‌ಗಿಂತ ಮೇಲಿನವೆಲ್ಲ ಹೋಗಿದ್ದರೆ ತಂತಿ ಅಥವಾ ಕನೆಕ್ಟರ್, ನಡುವಿನ ಒಂದೇ ಒಂದು ಕ್ಯಾರಿಯರ್ ಹೋಗಿದ್ದರೆ ಹೊರಗಿನ ಹಸ್ತಕ್ಷೇಪ, ಇಲ್ಲವೇ ಹೆಡ್‌ಎಂಡ್‌ನಲ್ಲಿ ಆ ಕ್ಯಾರಿಯರ್ ತಯಾರಿಸುವ ಮಾಡ್ಯುಲೇಟರ್, ಕೆಳಗಿನವು ಹೋಗಿ ಮೇಲಿನವು ಉಳಿದಿದ್ದರೆ ಒಳತಂತಿ ಎಲ್ಲೋ ತುಂಡಾಗಿ ಕೂದಲೆಳೆಯಷ್ಟು ಸಂದು ಬಿಟ್ಟಿದೆ. ದೂರು ತೆಗೆದುಕೊಳ್ಳುವವರ ಮುಂದೆ ಈ ಪಟ್ಟಿ ಒಂದು ಇದ್ದಿದ್ದರೆ ಸಾಕಿತ್ತು.

ಡಿಜಿಟಲ್ ಬಂದ ಮೇಲೆ ಇನ್ನೊಂದು ಕಷ್ಟ. ಅನಲಾಗ್ ಕಾಲದಲ್ಲಿ ಸಿಗ್ನಲ್ ಸೊರಗಿದರೆ ಪರದೆಯ ಮೇಲೆ ಚುಕ್ಕಿ ಸುರಿಯುತ್ತಿತ್ತು, ನೋಡುವವರಿಗೂ ಗೊತ್ತಾಗುತ್ತಿತ್ತು, ದುರಸ್ತಿಯವರಿಗೂ ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಅಂಚಿನವರೆಗೂ ಚಿತ್ರ ಕನ್ನಡಿಯಂತೆ ಇರುತ್ತದೆ. ಅಂಚು ದಾಟಿದರೆ ಏನೂ ಇಲ್ಲ. 256 ಕ್ವಾಮ್ ಸರಿಯಾಗಿ ಓಡಲು ಬಾಕ್ಸಿನ ಬಾಯಲ್ಲಿ 55ರಿಂದ 70 ಡಿಬಿ ಮೈಕ್ರೋವೋಲ್ಟ್‌ನ ನಡುವೆ ಮಟ್ಟವಿರಬೇಕು, ಸಿಗ್ನಲ್ ಎಷ್ಟು ಶುದ್ಧವಾಗಿದೆ ಎಂದು ಹೇಳುವ ಎಂಇಆರ್ ಎಂಬ ಅಳತೆ 34 ಡೆಸಿಬೆಲ್‌ಗಿಂತ ಮೇಲಿರಬೇಕು. ಎಂಇಆರ್ 30ರ ಆಸುಪಾಸಿಗೆ ಇಳಿದರೆ ಚೌಕಗಳು ಶುರು. 31ರಲ್ಲಿ ನಿಂತಿರುವ ಮನೆಗೂ 38ರಲ್ಲಿ ನಿಂತಿರುವ ಮನೆಗೂ ಇವತ್ತು ಟಿವಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮೊದಲನೆಯದು ಮುಂದಿನ ಮೋಡಕ್ಕೆ ಕಾದು ಕೂತಿದೆ. ಟಿವಿ ಹಚ್ಚಿ "ಚಿತ್ರ ಚೆನ್ನಾಗೇ ಇದೆಯಲ್ಲ" ಎಂದು ಹೇಳಿ ಹೊರಡುವ ಹುಡುಗ ಸುಳ್ಳು ಹೇಳುತ್ತಿಲ್ಲ. ಅವನ ಕೈಗೆ ನೀವು ಮೀಟರ್ ಕೊಟ್ಟಿಲ್ಲ. ಕೊಟ್ಟಿದ್ದರೂ ಬರೀ ಮಟ್ಟ ತೋರಿಸುವ ಹಳೆಯ ಮೀಟರ್, ಎಂಇಆರ್ ತೋರಿಸುವುದಲ್ಲ.

ಬರೀ ಮಟ್ಟ ನೋಡುವುದರ ಅಪಾಯ ಇನ್ನೊಂದಿದೆ. ಸಿಗ್ನಲ್ ಕಡಿಮೆ ಕಂಡರೆ ಮನೆಯಲ್ಲೊಂದು ಬೂಸ್ಟರ್ ಹಾಕಿ ಹೋಗುತ್ತಾರೆ. ಮಟ್ಟ ಏರುತ್ತದೆ, ಚಿತ್ರ ಇನ್ನೂ ಕೆಡುತ್ತದೆ. ಬೂಸ್ಟರ್ ಸಿಗ್ನಲ್ಲಿನ ಜತೆ ಅದಕ್ಕೆ ಬೆರೆತ ಗದ್ದಲವನ್ನೂ (ಬೇಡದ ವಿದ್ಯುತ್ ಏರಿಳಿತವನ್ನೂ) ಅಷ್ಟೇ ಹಿಗ್ಗಿಸುತ್ತದೆ, ತನ್ನದೊಂದಿಷ್ಟು ಸೇರಿಸುತ್ತದೆ. ಹಳಸಿದ್ದನ್ನು ಬಿಸಿ ಮಾಡಿ ಬಡಿಸಿದ ಹಾಗೆ. ಬೀದಿಯ ಆಂಪ್ಲಿಫೈಯರ್‌ಗಳಿಗೂ ಇದೇ ಲೆಕ್ಕ. ಒಂದೇ ಬಗೆಯವನ್ನು ಸಾಲಾಗಿ ಜೋಡಿಸುತ್ತ ಹೋದರೆ ಅವುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಗದ್ದಲದ ಕಡೆಯಿಂದ 3 ಡೆಸಿಬೆಲ್ ಕಳೆದುಕೊಳ್ಳುತ್ತೇವೆ. ಕೊನೆಯ ಮನೆಗೆ ಸಾಲದೆಂದು ಗೇನ್ (ಹಿಗ್ಗಿಸುವ ಪ್ರಮಾಣ) ಏರಿಸಿದರೆ ಕ್ಯಾರಿಯರ್‌ಗಳು ಒಂದಕ್ಕೊಂದು ಕಲಸಿಕೊಂಡು ವಿಕಾರಗಳು ಹುಟ್ಟುತ್ತವೆ, ಅದು ಬೀದಿಯ ಮೊದಲ ಮನೆಯವರನ್ನೂ ಬಿಡುವುದಿಲ್ಲ. ಹೊಸ ಬಡಾವಣೆ ಬಂದಾಗಲೆಲ್ಲ ಹಳೆಯ ಸಾಲಿನ ಬಾಲಕ್ಕೆ ಒಂದೊಂದು ಆಂಪ್ಲಿಫೈಯರ್ ಕಟ್ಟುತ್ತ ಹೋಗಿದ್ದರ ಫಲ ಇದು. ಫೈಬರ್ ನೋಡನ್ನು (ಗಾಜಿನೆಳೆಯಲ್ಲಿ ಬರುವ ಬೆಳಕನ್ನು ತಂತಿಯ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆಯನ್ನು) ಹತ್ತಿರ ತಂದು ಸಾಲನ್ನು ಚಿಕ್ಕದು ಮಾಡುವುದೊಂದೇ ದಾರಿ ಎಂದು ನಿಮ್ಮ ಎಂಜಿನಿಯರುಗಳಿಗೆ ನಾವು ಹೇಳಿಕೊಡಬೇಕಿಲ್ಲ.

ಫೈಬರ್ ಎಳೆದ ಕಡೆ ಎಲ್ಲ ನೆಟ್ಟಗಿದೆ ಎಂದೂ ಅಲ್ಲ. ನೋಡ್‌ಗೆ ಬರುವ ಬೆಳಕು 1 ಡೆಸಿಬೆಲ್ ಇಳಿದರೆ ಹೊರಬರುವ ತಂತಿಯ ಸಿಗ್ನಲ್ (ಆರ್‌ಎಫ್) 2 ಡೆಸಿಬೆಲ್ ಇಳಿಯುತ್ತದೆ. ಒರೆಸದೆ ಸಿಕ್ಕಿಸಿದ ಒಂದು ಫೈಬರ್ ಕನೆಕ್ಟರ್, ಪೆಟ್ಟಿಗೆಯೊಳಗೆ ಬಿಗಿಯಾಗಿ ಮಡಚಿದ ಒಂದು ಸುರುಳಿ, ಇಷ್ಟರಿಂದಲೇ ಇಡೀ ಬೀದಿ ಅಂಚಿಗೆ ಬಂದು ನಿಲ್ಲುತ್ತದೆ.

ಈಗ ಕರೆಂಟಿನ ವಿಷಯ. ಡಿಶ್ ನೋಡುವ ಮನೆಯಲ್ಲಿ ಕರೆಂಟ್ ಇದ್ದರೆ ಚಿತ್ರ ಇರುತ್ತದೆ. ದಾರಿಯಲ್ಲಿ ಯಾರ ಕರೆಂಟಿನ ಹಂಗೂ ಇಲ್ಲ. ಕೇಬಲ್‌ನಲ್ಲಿ ನಡುವಿನ ಪ್ರತಿ ಆಂಪ್ಲಿಫೈಯರ್‌ಗೂ ತಂತಿಯಲ್ಲೇ 60 ಅಥವಾ 90 ವೋಲ್ಟ್ ಎಸಿ ಹರಿಯಬೇಕು. ಆ ವೋಲ್ಟ್ ಕಳಿಸುವ ಪೆಟ್ಟಿಗೆಯ ಬ್ಯಾಟರಿ ಸತ್ತಿದ್ದರೆ, ಮೂರು ಬೀದಿ ಆಚೆ ಕರೆಂಟ್ ಹೋದರೂ ಇಲ್ಲಿ ಟಿವಿ ಕಪ್ಪು. ಬ್ಯಾಟರಿ ಎಂದು ಬದಲಾಯಿಸಿದ್ದು ಎಂಬ ಚೀಟಿ ಆ ಪೆಟ್ಟಿಗೆಗಳ ಮೇಲೆ ಕಾಣಸಿಗುವುದೇ ಅಪರೂಪ. ಆಂಪ್ಲಿಫೈಯರ್ ಒಳಗಿನ ಪವರ್ ಪ್ಯಾಕಿನ ಕೆಪಾಸಿಟರ್‌ಗಳ ಕಥೆಯೂ ಹೀಗೇ. ಬಿಸಿಲಲ್ಲಿ ಬೆಂದು ತಲೆ ಉಬ್ಬಿದ ಕೆಪಾಸಿಟರ್ ಎಸಿಯ ಏರಿಳಿತವನ್ನು ಸೋಸುವುದಿಲ್ಲ. ಅನಲಾಗ್‌ನಲ್ಲಿ ಅದು ಪರದೆಯ ಮೇಲೆ ನಿಧಾನಕ್ಕೆ ಉರುಳುವ ಅಡ್ಡಪಟ್ಟಿಯಾಗಿ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಎಂಇಆರ್ ಸುಮ್ಮನೆ ಎರಡು ಮೂರು ಡೆಸಿಬೆಲ್ ಕುಸಿಯುತ್ತದೆ, ಯಾರಿಗೂ ಕಾರಣ ಹೊಳೆಯುವುದಿಲ್ಲ. ಇನ್ನು ಆಂಪ್ಲಿಫೈಯರ್ ಡಬ್ಬಿಯ ಮುಚ್ಚಳ. ಬೋಲ್ಟ್‌ಗಳನ್ನು ಎದುರುಬದುರಾಗಿ ಸಮನಾಗಿ ಬಿಗಿದರೆ ಮಾತ್ರ ಅಂಚಿನ ರಬ್ಬರ್ ನೀರು ತಡೆಯುತ್ತದೆ. ಎರಡು ಬೋಲ್ಟ್ ಹಾಕಿ, ಉಳಿದವನ್ನು ಡಬ್ಬಿಯೊಳಗೇ ಬಿಟ್ಟು ಮುಚ್ಚಿದ್ದನ್ನು ನೋಡಬೇಕಿದ್ದರೆ ಯಾವುದಾದರೂ ನಾಲ್ಕು ಕಂಬ ಹತ್ತಿಸಿ ನೋಡಿ.

ಮನೆಯ ಒಳಗಿನ ತಂತಿಗೆ ನಾವು ಜವಾಬ್ದಾರರಲ್ಲ ಎನ್ನುತ್ತೀರಿ. ಒಪ್ಪೋಣ. ಆದರೆ ಮೆಟ್ಟಿಲ ಕೆಳಗೆ ನಾಲ್ಕು ದಾರಿಯ ಸ್ಪ್ಲಿಟರ್ ಹಾಕಿ ಒಂದೇ ದಾರಿ ಬಳಸಿ ಹೋದವರು ನಿಮ್ಮವರೇ. ನಾಲ್ಕು ದಾರಿಯ ಸ್ಪ್ಲಿಟರ್ 7ರಿಂದ 8 ಡೆಸಿಬೆಲ್ ತಿನ್ನುತ್ತದೆ, ಎರಡು ದಾರಿಯದು 4ರ ಒಳಗೆ ಮುಗಿಸುತ್ತದೆ. ಬಳಸದ ಮೂರು ಬಾಯಿಗಳಿಗೆ 75 ಓಮ್‌ನ ಮುಚ್ಚಳ ಹಾಕದಿದ್ದರೆ ಸಿಗ್ನಲ್ ಅಲ್ಲಿ ಗೋಡೆಗೆ ಹೊಡೆದ ಚೆಂಡಿನಂತೆ ಹಿಂತಿರುಗಿ ಕೆಲವು ಫ್ರೀಕ್ವೆನ್ಸಿಗಳಲ್ಲಿ ಗುಂಡಿ ತೋಡುತ್ತದೆ. ಅದೇ ತೆರೆದ ಬಾಯಿ, ಅದೇ ಸಡಿಲ ಕನೆಕ್ಟರ್ ಮೊಬೈಲ್ ಸಿಗ್ನಲ್ಲನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. 700 ಮತ್ತು 800 ಮೆಗಾಹರ್ಟ್ಸ್‌ನಲ್ಲಿ ಮೊಬೈಲ್ ಸೇವೆ ಬಂದ ಮೇಲೆ ಅದು ನೇರ ನಿಮ್ಮ ಕ್ಯಾರಿಯರ್‌ಗಳ ಮೇಲೆಯೇ ಬೀಳುತ್ತದೆ. ಬಾಕ್ಸಿನ ಪಕ್ಕ ಫೋನ್ ಇಟ್ಟು ಮಾತಾಡಿದಾಗ ಒಂದೇ ಗುಂಪಿನ ಚಾನೆಲ್‌ಗಳು ತೊದಲಿದರೆ ಅದು ದೆವ್ವದ ಕಾಟವಲ್ಲ. ಹೆಣಿಗೆ ಕಡಿಮೆ ಇರುವ ಅಗ್ಗದ ತಂತಿ, ಬೆರಳಲ್ಲಿ ತಿರುಗಿಸಿ ಬಿಟ್ಟ ಕನೆಕ್ಟರ್. 11 ಮಿಲಿಮೀಟರ್ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಬಿಗಿದರೆ ಎಷ್ಟೋ ಮನೆಗಳಲ್ಲಿ ನಿಂತುಹೋಗುತ್ತದೆ.

ಇಷ್ಟು ಹೊತ್ತು ತಂತಿಯ ದೂರು. ತಂತಿ ನೆಟ್ಟಗಿದ್ದರೂ ಬರುವ ಚಿತ್ರದ ಬಗ್ಗೆ ಇನ್ನೊಂದು ದೂರಿದೆ, ಇದಕ್ಕೆ ಮಳೆಯ ನೆಪವೂ ಇಲ್ಲ. ಉಪಗ್ರಹ ಪ್ರಸಾರದ ಡಿವಿಬಿ-ಎಸ್ ಎಂಬ ಡಿಜಿಟಲ್ ಮಾನದಂಡದಲ್ಲಿ ಒಂದು ಟ್ರಾನ್ಸ್‌ಪಾಂಡರ್ (ಉಪಗ್ರಹದಲ್ಲಿ ಸಿಗ್ನಲ್ ಮರುಪ್ರಸಾರ ಮಾಡುವ ಘಟಕ) 27.5 ಮೆಗಾಸಿಂಬಲ್ ವೇಗದಲ್ಲಿ, ಎಫ್‌ಇಸಿ (ತಪ್ಪು ತಿದ್ದಲು ಸೇರಿಸುವ ಹೆಚ್ಚುವರಿ ಬಿಟ್‌ಗಳ ಲೆಕ್ಕ) 3/4 ಇದ್ದಾಗ ಹೊರುವುದು ಸೆಕೆಂಡಿಗೆ 38 ಮೆಗಾಬಿಟ್. ಕೇಬಲ್‌ನ 64 ಕ್ವಾಮ್ ಕ್ಯಾರಿಯರ್ 6.875 ಮೆಗಾಸಿಂಬಲ್‌ನಲ್ಲಿ ಹೊರುವುದೂ ಅದೇ 38. ಒಂದರೊಳಗೊಂದು ಅಳತೆ ಮಾಡಿದಂತೆ ಕೂರುತ್ತದೆ. ಅಂದರೆ ಬಂದ ಚಿತ್ರದ ಒಂದು ಬಿಟ್ಟನ್ನೂ ಮುಟ್ಟದೆ ಉಪಗ್ರಹದ ಕ್ಯಾರಿಯರ್‌ನಿಂದ ಕೇಬಲ್‌ನ ಕ್ಯಾರಿಯರ್‌ಗೆ ದಾಟಿಸಬಹುದು. ಟ್ರಾನ್ಸ್‌ಮಾಡ್ಯುಲೇಟರ್ ಮಾಡುವ ಕೆಲಸ ಅದೇ. ನೀವು ಮಾಡುವುದೇನು? ಅದೇ 38ರಲ್ಲಿ ಇಪ್ಪತ್ತೈದು ಚಾನೆಲ್ ತುರುಕಲು ಬಂದದ್ದನ್ನೆಲ್ಲ ಬಿಚ್ಚಿ, ಮತ್ತೆ ಹಿಂಡಿ, ಚಾನೆಲ್‌ಗೆ ಒಂದೂವರೆ ಮೆಗಾಬಿಟ್ ಹಂಚುತ್ತೀರಿ. ಚಿತ್ರ ಹಿಂಡುವ ಹಳೆಯ ವಿಧಾನವಾದ ಎಂಪೆಗ್-2ರಲ್ಲಿ ಸಾಧಾರಣ ಸ್ಪಷ್ಟತೆಯ (ಎಸ್‌ಡಿ) ಚಾನೆಲ್ ಮರ್ಯಾದೆಯಾಗಿ ಕಾಣಲು 3ರಿಂದ 4 ಮೆಗಾಬಿಟ್ ಬೇಕು. ಸಾಲದ್ದಕ್ಕೆ ಅಡ್ಡಸಾಲಿನ 720 ಬಿಂದುಗಳನ್ನು 544ಕ್ಕೆ, ಕೆಲವು ಕಡೆ 352ಕ್ಕೆ ಇಳಿಸುತ್ತೀರಿ.

ಇದು ಮಾತಾಡುವ ಮುಖ ತೋರಿಸುವ ಸುದ್ದಿ ಚಾನೆಲ್‌ನಲ್ಲಿ ಗೊತ್ತಾಗುವುದಿಲ್ಲ. ಆಟದ ಮೈದಾನ ತೋರಿಸಿದಾಗ ನೋಡಿ: ಕ್ಯಾಮೆರಾ ಪಕ್ಕಕ್ಕೆ ತಿರುಗಿದೊಡನೆ ಹುಲ್ಲೆಲ್ಲ ಹಸಿರು ರಾಡಿಯಾಗುತ್ತದೆ, ನಿಂತಾಗ ಅರ್ಧ ಸೆಕೆಂಡ್ ಬಿಟ್ಟು ಹುಲ್ಲು ಮತ್ತೆ ಹುಟ್ಟುತ್ತದೆ. ಚೆಂಡಿನ ಸುತ್ತ ಸೊಳ್ಳೆ ಮುತ್ತಿದಂತೆ ಚುಕ್ಕಿಗಳು. ನೀರು, ಎಲೆ, ಪಟಾಕಿ, ವೇದಿಕೆಯ ಹೊಗೆ, ಎಲ್ಲದರಲ್ಲೂ ಇದೇ. ಪಕ್ಕದ ಮನೆಯ ಡಿಶ್‌ನಲ್ಲಿ ಅದೇ ಚಾನೆಲ್ ಇದಕ್ಕಿಂತ ಮೇಲು ಎನ್ನುವುದು ಬರೀ ಭ್ರಮೆಯಲ್ಲ. ಡಿಶ್‌ನವರೂ ಹಿಂಡುತ್ತಾರೆ, ಅದು ಗೊತ್ತು. ಆದರೆ ಅವರಲ್ಲಿ ಹಲವರು 2005ರಲ್ಲಿ ಬಂದ ಹೊಸ ಉಪಗ್ರಹ ಮಾನದಂಡ ಡಿವಿಬಿ-ಎಸ್2ಗೂ, 2003ರಲ್ಲಿ ಬಂದ ಚಿತ್ರ ಹಿಂಡುವ ಹೊಸ ವಿಧಾನ ಎಚ್.264ಗೂ ದಾಟಿಕೊಂಡರು. ಎಚ್.264 ಅರ್ಧದಷ್ಟು ಬಿಟ್‌ನಲ್ಲಿ ಎಂಪೆಗ್-2ರಷ್ಟೇ ಚಿತ್ರ ಕೊಡುತ್ತದೆ. ನೀವು ಮಾತ್ರ ಹಳೆಯ ಬಾಕ್ಸ್‌ಗಳನ್ನು ಬದಲಾಯಿಸುವ ಖರ್ಚಿಗೆ ಹಿಂಜರಿದು, 1990ರ ದಶಕದ ಎಂಪೆಗ್-2ಕ್ಕೇ ಜೋತುಬಿದ್ದು, ಆ ಖರ್ಚನ್ನು ನಮ್ಮ ಕಣ್ಣಿನ ಮೇಲೆ ಹಾಕಿದ್ದೀರಿ.

ಧ್ವನಿಯ ಬಗ್ಗೆ ಒಂದೇ ಮಾತು: ಚಾನೆಲ್ ಬದಲಿಸಿದಾಗಲೆಲ್ಲ ರಿಮೋಟ್ ಹಿಡಿದು ಸದ್ದು ಏರಿಸಿ ಇಳಿಸುವ ಕೆಲಸ ತಪ್ಪಲಿ. ಧ್ವನಿಮಟ್ಟ ಸಮನಾಗಿಸಲು ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲೇ -23 ಎಲ್‌ಯುಎಫ್‌ಎಸ್ ಎಂಬ ಅಳತೆ ಕೊಟ್ಟಿದೆ. ಅದನ್ನು ಪಾಲಿಸುವ ಯಂತ್ರಗಳು ಎಲ್ಲೆಲ್ಲೂ ಸಿಗುತ್ತವೆ.

ಕಾರ್ಯಕ್ರಮ ಪಟ್ಟಿಯದು ಇನ್ನೂ ನಗೆಪಾಟಲು. ಡಿವಿಬಿಯಲ್ಲಿ ಕಾರ್ಯಕ್ರಮದ ಹೆಸರು, ಸಮಯ ಬರುವುದು ಇಐಟಿ ಎಂಬ ಕೋಷ್ಟಕದಲ್ಲಿ, ಪಿಐಡಿ (ಡೇಟಾ ತುಣುಕಿನ ಗುರುತು) ಸಂಖ್ಯೆ 18ರಲ್ಲಿ. ಚಾನೆಲ್‌ಗಳನ್ನು ಕಿತ್ತು ಬೇರೆ ಗುಂಪಿಗೆ ಸೇರಿಸುವಾಗ ಹೆಡ್‌ಎಂಡ್‌ನಲ್ಲಿ ಇದನ್ನು ಮತ್ತೆ ಕಟ್ಟಬೇಕು. ಕಟ್ಟುವುದಿಲ್ಲ, ಅದಕ್ಕೇ "ಮಾಹಿತಿ ಲಭ್ಯವಿಲ್ಲ" ಎಂಬ ಸಾಲು. ಬಾಕ್ಸಿನ ಗಡಿಯಾರ ಏಳು ನಿಮಿಷ ಹಿಂದೆ ಓಡುವುದು ಬಾಕ್ಸಿನ ದೋಷವೂ ಅಲ್ಲ: ಗಂಟೆ ಹೇಳುವ ಟಿಡಿಟಿ ಕೋಷ್ಟಕ, ಪಿಐಡಿ 20, ಚಾನೆಲ್‌ಗಳನ್ನು ಒಂದುಗೂಡಿಸುವ ನಿಮ್ಮ ಮಲ್ಟಿಪ್ಲೆಕ್ಸರ್‌ನಿಂದ ಬರುತ್ತದೆ, ಆ ಯಂತ್ರದ ಗಡಿಯಾರವನ್ನು ಯಾರೂ ಸಮಯದ ಸರ್ವರ್‌ಗೆ ಜೋಡಿಸಿಲ್ಲ. ಏಳು ನಿಮಿಷ ಹಿಂದಿರುವ ಗಡಿಯಾರ ನಂಬಿ ರೆಕಾರ್ಡಿಂಗ್ ಹಾಕಿದವರಿಗೆ ಕಾರ್ಯಕ್ರಮದ ಮೊದಲ ಏಳು ನಿಮಿಷ ಸಿಗುವುದಿಲ್ಲ. ಇದನ್ನು ಸರಿಪಡಿಸಲು ಒಂದು ಸಾಲಿನ ಸೆಟ್ಟಿಂಗ್ ಸಾಕು, ಖರ್ಚೂ ಇಲ್ಲ. ಖರ್ಚಿಲ್ಲದ್ದೂ ಆಗುತ್ತಿಲ್ಲ ಎಂದ ಮೇಲೆ ಕಾರಣ ಹಣದ ಕೊರತೆ ಎಂದು ನಂಬುವುದು ಕಷ್ಟವಾಗುತ್ತದೆ.

ನ್ಯಾಯವಾಗಿ ಹೇಳಬೇಕಾದ್ದೂ ಇದೆ. ಡಿಶ್ ದೋಷವಿಲ್ಲದ್ದಲ್ಲ. ಗಾಳಿಗೆ ಒಂದೆರಡು ಡಿಗ್ರಿ ತಿರುಗಿದರೆ ಸಿಗ್ನಲ್ ಹೋಗುತ್ತದೆ. ಎದುರಿನ ಮರ ಬೆಳೆದರೆ ಹೋಗುತ್ತದೆ. ಉಪಗ್ರಹ ಇರುವ ದಕ್ಷಿಣದ ಆಕಾಶಕ್ಕೆ ಬೆನ್ನು ಹಾಕಿ ಉತ್ತರಕ್ಕೆ ಮುಖ ಮಾಡಿದ ಫ್ಲ್ಯಾಟಿನವರಿಗೆ ಅದು ಸಿಗುವುದೇ ಇಲ್ಲ. ವರ್ಷಕ್ಕೆರಡು ಬಾರಿ, ಹಗಲಿರುಳು ಸಮನಾಗುವ ದಿನಗಳ ಆಸುಪಾಸಿನಲ್ಲಿ, ಸೂರ್ಯ ಉಪಗ್ರಹದ ಹಿಂದೆ ಹಾದುಹೋಗುವಾಗ ಕೆಲವು ನಿಮಿಷ ಎಲ್ಲ ಡಿಶ್‌ಗಳೂ ಕುರುಡಾಗುತ್ತವೆ. ನಿಮ್ಮ ಹೆಡ್‌ಎಂಡ್‌ನವೂ ಸೇರಿ. ಆದರೂ ಜನ ಕೇಬಲ್ ಬಿಟ್ಟು ಅತ್ತ ಹೋಗುವುದಕ್ಕೆ ನಮಗೆ ಕಾಣುವ ಕಾರಣ ಒಂದೇ. ಡಿಶ್ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ಲಿನ ಬಲ, ಗುಣಮಟ್ಟ ಎಂಬ ಎರಡು ಪಟ್ಟಿಗಳು ಕಾಣುತ್ತವೆ. ತೊಂದರೆ ಎಲ್ಲಿದೆ ಎಂದು ನೋಡುವವನಿಗೇ ತಿಳಿಯುತ್ತದೆ, ಛಾವಣಿ ಹತ್ತಿ ಬೋಲ್ಟ್ ಬಿಗಿದುಕೊಳ್ಳುತ್ತಾನೆ. ಕೇಬಲ್‌ನಲ್ಲಿ ಅವೇ ಅಂಕಿಗಳು ಬಾಕ್ಸಿನ ಒಳಗೇ ಇವೆ, ಆದರೆ ಗುಪ್ತಸಂಖ್ಯೆ ಒತ್ತಿದರೆ ಮಾತ್ರ ತೆರೆಯುವ ಮೆನುವಿನ ಹಿಂದೆ ಬಚ್ಚಿಟ್ಟಿದ್ದೀರಿ.

ಹಾಗಾಗಿ ನಮ್ಮ ಮೊದಲ ಕೋರಿಕೆ ಅದೇ. ಆ ಮೆನುವನ್ನು ಬಿಚ್ಚಿ. ಪ್ರತಿ ಕ್ಯಾರಿಯರ್‌ನ ಮಟ್ಟ, ಎಂಇಆರ್, ತಪ್ಪಿದ ಬಿಟ್‌ಗಳ ಲೆಕ್ಕ ಚಂದಾದಾರರಿಗೆ ಕಾಣಲಿ. ದೂರು ಹೇಳುವಾಗ ನಾವು ಆ ಅಂಕಿ ಓದಿ ಹೇಳುತ್ತೇವೆ, ನಿಮ್ಮವರು "ಬಾಕ್ಸ್ ಆಫ್ ಮಾಡಿ ಆನ್ ಮಾಡಿ" ಎಂದು ಹತ್ತು ನಿಮಿಷ ಕಳೆಯುವುದು ತಪ್ಪುತ್ತದೆ.

ಮನೆಗೆ ಬಂದವರು ಮೂರು ಕಡೆ ಅಳೆಯಲಿ: ಕಂಬದ ಟ್ಯಾಪ್‌ನಲ್ಲಿ, ತಂತಿ ಮನೆ ಹೊಗುವ ಕಡೆ, ಬಾಕ್ಸಿನ ಬಾಯಲ್ಲಿ. ಪ್ರತಿ ಕಡೆಯೂ ಅತಿ ಕೆಳಗಿನ, ನಡುವಿನ, ಅತಿ ಮೇಲಿನ ಕ್ಯಾರಿಯರ್. ಒಟ್ಟು ಒಂಬತ್ತು ಅಂಕಿ, ಹತ್ತು ನಿಮಿಷದ ಕೆಲಸ. ಟ್ಯಾಪ್‌ನಲ್ಲೇ ಎಂಇಆರ್ ಕೆಟ್ಟಿದ್ದರೆ ಬೀದಿಯ ದುರಸ್ತಿ, ಅಲ್ಲಿ ಸರಿಯಿದ್ದು ಮನೆಯ ಬಾಗಿಲಲ್ಲಿ ಕೆಟ್ಟಿದ್ದರೆ ತಂತಿಯದು, ಅಲ್ಲೂ ಸರಿಯಿದ್ದರೆ ಮನೆಯೊಳಗಿನದು. ಆ ಚೀಟಿಯ ಒಂದು ಪ್ರತಿ ನಮಗೂ ಕೊಡಿ. ದೂರು ಮುಚ್ಚುವ ಅಧಿಕಾರ ಆ ಅಂಕಿಗಳಿಗೆ ಇರಲಿ, ಎರಡು ದಿನದ ಬಿಸಿಲಿಗೆ ಬೇಡ. ಮಳೆಯ ನಂತರದ ದೂರನ್ನು ಮಳೆಯ ಮರುದಿನವೇ ನೋಡಬೇಕು; ಒಣಗಿದ ಮೇಲೆ ಬಂದರೆ ಏನೂ ಸಿಗುವುದಿಲ್ಲ.

ಹೊರಗಿನ ಜಾಯಿಂಟ್‌ಗಳಲ್ಲಿ ತಿರುಪಿ ಹಾಕುವ ಕನೆಕ್ಟರ್‌ಗಳನ್ನು ಪೂರ್ತಿ ನಿಲ್ಲಿಸಿ. ಒಳತಂತಿ 6 ಮಿಲಿಮೀಟರ್, ಅದರ ಹಿಂದೆ ಹೆಣಿಗೆ ಮಡಚಲು ಇನ್ನೊಂದು 6 ಮಿಲಿಮೀಟರ್ ಹೊದಿಕೆ ತೆಗೆದು, ಹೆಣಿಗೆಯ ಒಂದೆಳೆಯೂ ಒಳತಂತಿಗೆ ತಾಗದಂತೆ ಹಿಂದಕ್ಕೆ ಮಡಚಿ, ಫೋಮ್ ತಳಕ್ಕೆ ಸಮವಾಗುವವರೆಗೆ ದೂಡಿ, ಕಂಪ್ರೆಷನ್ ಟೂಲ್‌ನಲ್ಲಿ ಒತ್ತಿ ಕೂರಿಸಲಿ. ಒಳತಂತಿ ನಟ್ಟಿನ ಅಂಚಿನಿಂದ 2-3 ಮಿಲಿಮೀಟರ್ ಹೊರಗೆ ಕಾಣಬೇಕು. ಮೇಲೆ ರಬ್ಬರ್ ಟೋಪಿ, ಅಥವಾ ತನ್ನಿಂದ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್. ಸಾಧಾರಣ ಕರೆಂಟ್ ಟೇಪ್ ಸುತ್ತಬೇಡಿ, ಒಂದು ಬೇಸಿಗೆಗೆ ಅಂಟು ಕರಗಿ ನೀರು ಹಿಡಿದಿಡುವ ಚೀಲವಾಗುತ್ತದೆ. ತಂತಿ ಮನೆ ಹೊಗುವ ಮುನ್ನ ಕೆಳಕ್ಕೊಂದು ಬಳುಕು ಬಿಟ್ಟರೆ ಹನಿ ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ನೀರು ಕುಡಿದ ತಂತಿಗೆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕುವುದು ಕಣ್ಣೊರೆಸುವ ಕೆಲಸ; ತಂತಿಯನ್ನೇ ಬದಲಿಸಬೇಕು.

ಪವರ್ ಪೆಟ್ಟಿಗೆಯ ಬ್ಯಾಟರಿ ಬದಲಿಸಿದ ತಾರೀಖನ್ನು ಪೆಟ್ಟಿಗೆಯ ಮೇಲೇ ಬರೆಯಿರಿ. ಚಾನೆಲ್‌ವಾರು ಎಷ್ಟು ಮೆಗಾಬಿಟ್ ಕೊಡುತ್ತಿದ್ದೀರಿ, ಯಾವ ಫ್ರೀಕ್ವೆನ್ಸಿಯಲ್ಲಿ ಎಂಬ ಪಟ್ಟಿಯನ್ನು ಪ್ರಕಟಿಸಿ. ಯಾರೂ ನೋಡದ ಚಾನೆಲ್‌ಗಳ ಸಂಖ್ಯೆ ತೋರಿಸಿ ಜಂಬ ಕೊಚ್ಚುವ ಬದಲು ಅವುಗಳಲ್ಲಿ ಇಪ್ಪತ್ತನ್ನು ಕೈಬಿಟ್ಟರೆ ಉಳಿದವು ಉಸಿರಾಡುತ್ತವೆ. ಬಾಕ್ಸ್ ಬದಲಾವಣೆಯನ್ನು ಹಂತಹಂತವಾಗಿ ಮಾಡಿ, ಆದರೆ ಕೊನೆಯ ತಾರೀಖು ಇಟ್ಟುಕೊಂಡು ಮಾಡಿ. ಸೇವೆ ನಿಂತ ದಿನಗಳ ಹಣವನ್ನು ಬಿಲ್ಲಿನಲ್ಲಿ ನಾವು ಕೇಳುವ ಮೊದಲೇ ಕಳೆಯಿರಿ. ಯಾವ ಬಾಕ್ಸ್ ಎಷ್ಟು ಹೊತ್ತು ಸಿಗ್ನಲ್ ಇಲ್ಲದೆ ಕೂತಿತ್ತು ಎಂಬುದು, ಅದು ಇಂಟರ್ನೆಟ್ ಇರುವ ಎರಡು ದಾರಿಯ ಜಾಲವಾಗಿದ್ದರೆ, ನಿಮ್ಮ ಕಂಪ್ಯೂಟರಿನಲ್ಲೇ ದಾಖಲಾಗಿರುತ್ತದೆ.

ಈ ಪತ್ರಕ್ಕೆ ಉತ್ತರವಾಗಿ ಪ್ರಕಟಣೆ, ಕ್ಷಮಾಪಣೆ ಬೇಡ. ಮುಂದಿನ ಮಳೆ ಬಂದ ಮರುದಿನ, ನಿಮ್ಮ ಅತಿ ಉದ್ದದ ಸಾಲಿನ ಕೊನೆಯ ಟ್ಯಾಪ್‌ನಲ್ಲಿ ಅಳೆದ ಮೂರು ಅಂಕಿಗಳನ್ನು, ಅಳೆದ ಗಂಟೆಯ ಜತೆ, ಚಂದಾದಾರರಿಗೆಲ್ಲ ಕಾಣುವಂತೆ ಹಾಕಿ.

ಇಂತಿ,
ಕೇಬಲ್ ಇನ್ನೂ ಕಿತ್ತು ಹಾಕದ ನಿಮ್ಮ ಚಂದಾದಾರರು